ಭತ್ತದ ರಾಶಿ ಸಿಂಧನೂರಲ್ಲಿ, ರಫ್ತಿನ ಕೀಲಿ ದಿಲ್ಲಿಯಲ್ಲಿ: ರಾಜ್ಯಗಳ ಕೈಯಲ್ಲಿ ಉಳಿದಿರುವುದೇನು?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವನು, ಬಿ.ಎ. ಓದುತ್ತಿದ್ದೇನೆ. ಮನೆಯಲ್ಲಿ ಭತ್ತ ಬೆಳೆಯುತ್ತೇವೆ. 2023ರಲ್ಲಿ ಅಕ್ಕಿ ರಫ್ತು ನಿಂತಾಗ ನಮ್ಮಪ್ಪ ಮತ್ತು ಊರಿನ ಕೆಲವರು ಶಾಸಕರ ಹತ್ತಿರ ಹೋಗಿದ್ದರು. ‘ಅದು ನಮ್ಮ ಕೈಯಲ್ಲಿಲ್ಲ, ದಿಲ್ಲಿಯವರದ್ದು’ ಅಂದರಂತೆ. ನಮ್ಮ ಪುಸ್ತಕದಲ್ಲಿ ನೋಡಿದರೆ ಕೃಷಿ ರಾಜ್ಯದ ವಿಷಯ ಅಂತ ಇದೆ. ಜಗತ್ತೇ ಒಂದು ಮಾರುಕಟ್ಟೆ ಆಗಿರುವಾಗ ಒಕ್ಕೂಟ ವ್ಯವಸ್ಥೆಗೆ ಅರ್ಥ ಉಳಿದಿದೆಯಾ? ದೇಶ ಒಂದೇ ದನಿಯಲ್ಲಿ ಮಾತಾಡಿದರೆ ಸಾಕಲ್ವಾ?

ಉತ್ತರ: ನಿಮ್ಮ ಪುಸ್ತಕ ಹೇಳಿದ್ದೂ ಸರಿ, ಶಾಸಕರು ಹೇಳಿದ್ದೂ ಸರಿ. ಎರಡೂ ಸರಿ ಇದ್ದರೂ ನಿಮ್ಮಪ್ಪನಿಗೆ ಉತ್ತರ ಸಿಗಲಿಲ್ಲ. ತೊಂದರೆ ಇರುವುದೇ ಅಲ್ಲಿ.

ಮೊದಲು ಕಾನೂನು ನೋಡೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ಮತ್ತು ಅದನ್ನು ಜಾರಿಗೆ ತರುವುದು. ಅದೇ ಕೇಂದ್ರ ಪಟ್ಟಿಯ 41ನೇ ನಮೂದು ವಿದೇಶ ವ್ಯಾಪಾರ, ಆಮದು, ರಫ್ತು. ಇದರ ಮೇಲೆ 253ನೇ ವಿಧಿ ಬೇರೆ ಇದೆ. ವಿದೇಶದ ಜೊತೆ ಆದ ಒಪ್ಪಂದ ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲೆ ಬೇಕಾದರೂ ಕಾನೂನು ಮಾಡಬಹುದು. ಆ ವಿಷಯ ರಾಜ್ಯ ಪಟ್ಟಿಯಲ್ಲಿದ್ದರೂ ಸರಿ, ರಾಜ್ಯದ ಒಪ್ಪಿಗೆ ಬೇಕಿಲ್ಲ.

ಅಂದರೆ ಬಿತ್ತನೆಯಿಂದ ಕೊಯ್ಲಿನವರೆಗೆ ಭತ್ತ ರಾಜ್ಯದ್ದು. ಅದು ಅಕ್ಕಿಯಾಗಿ ಬಂದರಿಗೆ ಹೋದ ತಕ್ಷಣ ಕೇಂದ್ರದ್ದು. ಮೊದಲು ಇದರಿಂದ ಅಷ್ಟೇನೂ ಜಗಳ ಆಗುತ್ತಿರಲಿಲ್ಲ, ಯಾಕೆಂದರೆ ನಮ್ಮ ಬೆಳೆ ಹೆಚ್ಚಾಗಿ ಇಲ್ಲೇ ಮಾರಾಟ ಆಗುತ್ತಿತ್ತು. 1991ರ ನಂತರ ಬಾಗಿಲುಗಳು ತೆರೆದವು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಶುರುವಾಯಿತು, ಕೃಷಿಯೂ ಅದರ ಒಪ್ಪಂದದೊಳಗೆ ಬಂತು. ಸಂವಿಧಾನದ ಒಂದು ಅಕ್ಷರವೂ ಬದಲಾಗದೆ, ರಾಜ್ಯದ ಕೈಯಲ್ಲಿದ್ದ ಎಷ್ಟೋ ವಿಷಯಗಳು ನಿಧಾನಕ್ಕೆ ವಿದೇಶ ವ್ಯಾಪಾರದ ವಿಷಯಗಳಾಗಿಬಿಟ್ಟವು. ನಮ್ಮಲ್ಲಿ ಇಂಥ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಕೇಂದ್ರ ಸಂಪುಟದ ತೀರ್ಮಾನ ಸಾಕು.

ಈಗ ನಿಮ್ಮ ಅಕ್ಕಿಗೆ ಬರೋಣ. 2022ರ ಸೆಪ್ಟೆಂಬರ್‌ನಲ್ಲಿ ಮೊದಲು ನುಚ್ಚಕ್ಕಿಯ ರಫ್ತು ನಿಂತಿತು. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಷೇಧಿಸಿದರು. ಆದೇಶ ಆ ದಿನವೇ ಜಾರಿ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40ರಷ್ಟು ಭಾರತದ್ದೇ ಆದ್ದರಿಂದ ಎಲ್ಲ ಕಡೆ ಗಾಬರಿ ಹುಟ್ಟಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಜನ ಮುಗಿಬಿದ್ದು ಸೋನಾ ಮಸೂರಿ ಚೀಲಗಳನ್ನು ಹೊತ್ತೊಯ್ದರು. ಸೋನಾ ಮಸೂರಿ ಅಂದರೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪದ ಜೀವನ. ನಮ್ಮ ಗದ್ದೆಯ ಅಕ್ಕಿಗಾಗಿ ಹೊರಗೆ ಅಷ್ಟು ಬೇಡಿಕೆ ಇದ್ದಾಗ ಇಲ್ಲಿನ ವ್ಯಾಪಾರಿಗಳು ಬಿಳಿ ಅಕ್ಕಿಯನ್ನು ಆಚೆ ಕಳಿಸುವಂತಿರಲಿಲ್ಲ. ನಿಷೇಧ ತೆಗೆದಿದ್ದು 2024ರ ಸೆಪ್ಟೆಂಬರ್ 28ರಂದು.

ದಿಲ್ಲಿಯ ಕಾರಣವನ್ನೂ ಹೇಳಬೇಕು. ದೇಶದೊಳಗೆ ಅಕ್ಕಿ ಬೆಲೆ ಏರುತ್ತಿತ್ತು, ಮಳೆಯ ಭರವಸೆ ಇರಲಿಲ್ಲ. ಕೊಂಡು ತಿನ್ನುವ ಬಡವರ ಬಗ್ಗೆ ಯೋಚಿಸುವುದು ಸರ್ಕಾರದ ಕರ್ತವ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ನಡೆಯಿತು. ಕರ್ನಾಟಕ ಸರ್ಕಾರ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆ.ಜಿ. ಅಕ್ಕಿ ಬೇಕು, ದುಡ್ಡು ಕೊಡುತ್ತೇವೆ ಎಂದು ಭಾರತ ಆಹಾರ ನಿಗಮವನ್ನು ಕೇಳಿತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ ರಾಜ್ಯ ಸರ್ಕಾರ ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿತು.

ಎರಡನ್ನೂ ಒಟ್ಟಿಗೆ ನೋಡಿ. ಬೆಳೆದವನಿಗೆ ಹೊರಗೆ ಮಾರುವ ದಾರಿ ಇಲ್ಲ. ಬೆಳೆದ ರಾಜ್ಯಕ್ಕೆ ದುಡ್ಡು ಕೊಟ್ಟು ಕೊಳ್ಳುವ ದಾರಿಯೂ ಇಲ್ಲ. ಎರಡೂ ತೀರ್ಮಾನ ಒಂದೇ ಕಡೆ ಆದವು. ಅದೇ ವರ್ಷ ತುಂಗಭದ್ರೆ ತುಂಬಲಿಲ್ಲ, ಎರಡನೇ ಬೆಳೆಯ ಆಸೆ ಬಿಡಬೇಕಾಯಿತು. ಬರ ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,450 ಕೋಟಿ.

ಹಾಗಾದರೆ ಆಮದು ರಫ್ತಿನ ಅಧಿಕಾರ ರಾಜ್ಯಗಳಿಗೇ ಕೊಟ್ಟುಬಿಡಬೇಕಾ? ಬೇಡ. ನಮ್ಮ ಮೂರು ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 1948ರವರೆಗೆ ರಾಯಚೂರು ಮತ್ತು ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಸಪೇಟೆ ಕಡೆಯಿಂದ ಹೊಳೆ ದಾಟಿ ಮುನಿರಾಬಾದ್ ಕಡೆಗೆ ಹೋದರೆ ಆಡಳಿತವೇ ಬೇರೆ. ಅಲ್ಲಿ ಹಾಲಿ ಸಿಕ್ಕಾ ರೂಪಾಯಿ, ಇಲ್ಲಿ ಬ್ರಿಟಿಷ್ ರೂಪಾಯಿ. ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು, ಕರೋಡಗಿರಿ ಅಂತ ಅದರ ಹೆಸರು. ಒಂದೇ ಹೊಳೆಯ ಎರಡು ದಂಡೆಯ ಜನ ತಮ್ಮ ಸರಕಿಗೆ ಸುಂಕ ಕಟ್ಟಿ ವ್ಯಾಪಾರ ಮಾಡಬೇಕಿತ್ತು. ಆ ಗೋಡೆಗಳನ್ನು ಒಡೆದದ್ದು ಸಂವಿಧಾನ. 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಎನ್ನುತ್ತದೆ. ಗಡಿಯಲ್ಲಿ ಒಂದೇ ಸುಂಕ, ಹೊರಗಿನವರ ಮುಂದೆ ಒಂದೇ ದನಿ, ಇದು ನಮಗೆ ಲಾಭವೇ. ಒಂದೊಂದು ರಾಜ್ಯವೂ ಅಮೆರಿಕದ ಜೊತೆ, ಚೀನಾದ ಜೊತೆ ಬೇರೆಬೇರೆ ಚೌಕಾಸಿಗೆ ಕೂತರೆ ಎಲ್ಲರೂ ಸೋಲುತ್ತೇವೆ.

ಹಾಗಾಗಿ ದೇಶ ಒಂದೇ ದನಿಯಲ್ಲಿ ಮಾತಾಡಲಿ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಎರಡೇ. ಆ ದನಿ ಎತ್ತುವ ಮೊದಲು ಯಾರ ಹತ್ತಿರ ಕೇಳಿದರು? ತೀರ್ಮಾನದಿಂದ ನಷ್ಟ ಆದವರಿಗೆ ಯಾರು ತುಂಬಿಕೊಡುತ್ತಾರೆ? ಒಕ್ಕೂಟ ವ್ಯವಸ್ಥೆ ಬೇಕಾಗಿರುವುದು ಈ ಎರಡು ಪ್ರಶ್ನೆಗೆ. ಜಾಗತೀಕರಣ ಜಾಸ್ತಿ ಆದಷ್ಟೂ ಇವು ದೊಡ್ಡದಾಗುತ್ತವೆ, ಸಣ್ಣದಾಗುವುದಿಲ್ಲ.

ಇದನ್ನು ಚೆನ್ನಾಗಿ ತಿಳಿಯಬೇಕಾದರೆ ಬಳ್ಳಾರಿಯ ಅದಿರಿನ ಕಥೆ ನೋಡಬೇಕು. ಭತ್ತಕ್ಕಿಂತ ಅದು ಇನ್ನೂ ಕಹಿ.

ಗಣಿ ರಾಜ್ಯ ಪಟ್ಟಿಯಲ್ಲೇ ಇದೆ, 23ನೇ ನಮೂದು. ಆದರೆ ಕೇಂದ್ರ ಪಟ್ಟಿಯ 54ನೇ ನಮೂದಿಗೆ ಒಳಪಟ್ಟು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಮೂಲಕ ಸಂಸತ್ತು ಹಿಡಿತ ತನ್ನ ಕೈಗೆ ತೆಗೆದುಕೊಂಡಿತು. ಭೂಮಿ ರಾಜ್ಯದ್ದು, ಗುತ್ತಿಗೆ ಕೊಡುವುದು ರಾಜ್ಯ, ಅದಿರು ತೆಗೆದದ್ದಕ್ಕೆ ಕಟ್ಟುವ ರಾಜಧನ (ರಾಯಲ್ಟಿ) ವಸೂಲಿ ಮಾಡುವುದೂ ರಾಜ್ಯ. ರಾಜಧನ ಎಷ್ಟು ಅಂತ ನಿಗದಿ ಮಾಡುವುದು ಮಾತ್ರ ಕೇಂದ್ರ. 2008ರ ಬೀಜಿಂಗ್ ಒಲಿಂಪಿಕ್ಸ್ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳು ಅದಿರಿಗಾಗಿ ಬಾಯಿ ಬಿಟ್ಟು ಕೂತಿದ್ದವು. ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಹೋಯಿತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ಮರದ ಎಲೆ, ಮನೆಯ ಗೋಡೆ, ಜೋಳದ ತೆನೆ ಎಲ್ಲ ಕೆಂಪು ದೂಳು. ಆಗ ರಾಜಧನ ಎಷ್ಟಿತ್ತು? ಒಳ್ಳೆಯ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಬೆಲೆಗೆ ತಕ್ಕಂತೆ ಶೇಕಡಾ ಲೆಕ್ಕದಲ್ಲಿ ರಾಜಧನ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಎಷ್ಟೋ ಗುಡ್ಡ ಕರಗಿಹೋಗಿತ್ತು. ಬೆಲೆ ಹೇಳುವವರು ಚೀನಾದಲ್ಲಿ, ರಾಜಧನ ಹೇಳುವವರು ದಿಲ್ಲಿಯಲ್ಲಿ, ದೂಳು ಕುಡಿದವರು ಇಲ್ಲಿ.

ಆದರೆ ರಾಜ್ಯ ಸರ್ಕಾರ ಪಾಪ, ಏನೂ ಮಾಡುವ ಹಾಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಸಾಗಣೆ ಪರ್ಮಿಟ್ ಕೊಡುವುದು ರಾಜ್ಯ. ಚೆಕ್‌ಪೋಸ್ಟ್ ರಾಜ್ಯದ್ದು. ಅರಣ್ಯ ಕಾಯುವವರು ರಾಜ್ಯದ ನೌಕರರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008 ಮತ್ತು 2011ರಲ್ಲಿ ಕೊಟ್ಟ ವರದಿಗಳನ್ನು ಓದಿದರೆ, ರಾಜ್ಯದ ಕೈಯಲ್ಲಿದ್ದ ಅಧಿಕಾರವೇ ಹೇಗೆ ಮಾರಾಟವಾಯಿತು ಎಂಬುದು ಕಾಣುತ್ತದೆ. ಅಧಿಕಾರ ಹತ್ತಿರ ಇದ್ದರೆ ಅದು ತಾನಾಗೇ ಜನರ ಪರ ಇರುತ್ತದೆ ಅಂತೇನಿಲ್ಲ. ಒಕ್ಕೂಟ ವ್ಯವಸ್ಥೆಯ ಪರ ಮಾತಾಡುವ ನಮ್ಮಂಥವರು ಈ ವರದಿಗಳನ್ನು ಮರೆಯಬಾರದು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಒಂದು ದಾರಿ ಹುಡುಕಿತು. ರಫ್ತು ನಿಷೇಧಿಸುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ರಫ್ತಿಗೆ ಹೋಗುವ ಅದಿರಿಗೆ ಸಾಗಣೆ ಪರ್ಮಿಟ್ ಕೊಡುವುದನ್ನೇ ನಿಲ್ಲಿಸಿತು. ಗಣಿ ಕಂಪನಿಗಳು ‘ರಫ್ತು ಕೇಂದ್ರದ ವಿಷಯ, ನೀವ್ಯಾರು?’ ಎಂದು ಕೋರ್ಟಿಗೆ ಹೋದವು. ಮುಂದೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕೇಂದ್ರ, ರಾಜ್ಯ ಇಬ್ಬರೂ ಮಾಡದ ಕೆಲಸವನ್ನು ಕೋರ್ಟ್ ಮಾಡಬೇಕಾಯಿತು. ಲಾರಿ ಸಾಲ ಮಾಡಿದ ಸಾವಿರಾರು ಮನೆಗಳು ಆಗ ನೆಲಕಚ್ಚಿದವು, ಅದನ್ನೂ ನೆನೆಯಬೇಕು.

ಮುಂದೆ ನಡೆದದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. 2022ರ ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರನ್ನು ಮತ್ತೆ ರಫ್ತು ಮಾಡಬಹುದು ಎಂದಿತು. ಹತ್ತು ವರ್ಷ ಕಾದ ಮೇಲೆ ಸಿಕ್ಕ ಅನುಮತಿ ಅದು. ಎರಡೇ ದಿನ. ಮೇ 22ರಿಂದ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಅದಿರಿನ ಪುಡಿಯಿಂದ ಮಾಡಿದ ಉಂಡೆಗೆ, ಅಂದರೆ ಪೆಲೆಟ್‌ಗೆ, ಶೇ 45. ದೇಶದ ಉಕ್ಕಿನ ಬೆಲೆ ಇಳಿಸಬೇಕು ಎಂಬುದು ಕಾರಣ. ನವೆಂಬರ್‌ನಲ್ಲಿ ಅದನ್ನು ವಾಪಸ್ ತೆಗೆದರು. ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಏರಿಸಿದಾಗಲೂ ಇಳಿಸಿದಾಗಲೂ ಅದಿರಿನ ಜಿಲ್ಲೆಯ ಜನರ ಮಾತು ಹೇಳಲು ಅಲ್ಲಿ ಒಂದು ಕುರ್ಚಿ ಇರಲಿಲ್ಲ, ನಾನು ಹೇಳುತ್ತಿರುವುದು ಅದನ್ನು.

ಒಂದು ಒಳ್ಳೆಯ ಸುದ್ದಿಯೂ ಇದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 8:1ರಲ್ಲಿ, ರಾಜಧನ ಎಂಬುದು ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ತೀರ್ಪು ಕೊಟ್ಟಿತು. ರಾಜಧನವೂ ತೆರಿಗೆಯೇ ಎಂದಿದ್ದ 1989ರ ಹಳೆಯ ತೀರ್ಪು ಬಿದ್ದುಹೋಯಿತು. ಗಣಿ ಜಿಲ್ಲೆಗಳ ಮಟ್ಟಿಗೆ ನಮ್ಮ ಕಾಲದ ಬಹಳ ದೊಡ್ಡ ತೀರ್ಪು ಇದು. ಇದರ ಬಗ್ಗೆ ನಮ್ಮ ಕಡೆ ಇನ್ನೂ ಸಾಕಷ್ಟು ಮಾತುಕತೆ ಆಗಿಲ್ಲ ಎಂಬುದು ನನ್ನ ಬೇಸರ.

ರಾಯಚೂರಿನ ಹತ್ತಿಗೂ ಇದೇ ಪಾಡು. ಹೊರಗಿನ ಹತ್ತಿಯ ಮೇಲೆ ಶೇ 11 ಆಮದು ಸುಂಕ ಇತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿತು. ಬಟ್ಟೆ ಗಿರಣಿಗಳಿಗೆ ಆಸರೆಯಾಗಲಿ ಎಂದು ಕೇಂದ್ರ ಆ ಶೇ 11 ಸುಂಕವನ್ನು ಡಿಸೆಂಬರ್ 31ರವರೆಗೆ ತೆಗೆದುಹಾಕಿತು. ಗಿರಣಿಗಳಿಗೆ ಉಸಿರು ಬಂತು. ಆದರೆ ಅದು ರಾಯಚೂರು ಮಾರುಕಟ್ಟೆಗೆ ಹೊಸ ಹತ್ತಿ ಬರುವ ತಿಂಗಳುಗಳು. ಎರೆ ಹೊಲದ ರೈತ ತನ್ನ ಹತ್ತಿಯನ್ನು ವಿದೇಶದ ಹತ್ತಿಯ ಎದುರು ಇಟ್ಟು ಮಾರಬೇಕಾಯಿತು.

ಬೇರೆ ದೇಶಗಳು ಏನು ಮಾಡುತ್ತವೆ? ಕೆನಡಾದ ವಿಷಯದಲ್ಲಿ 1937ರಲ್ಲೇ ಒಂದು ತೀರ್ಪು ಬಂತು. ಒಟ್ಟಾವಾದ ಕೇಂದ್ರ ಸರ್ಕಾರ ಯಾವ ಒಪ್ಪಂದಕ್ಕಾದರೂ ಸಹಿ ಹಾಕಬಹುದು. ಆದರೆ ಪ್ರಾಂತ್ಯಗಳ ಕೈಯಲ್ಲಿರುವ ವಿಷಯವಾದರೆ ಜಾರಿ ಮಾಡುವುದು ಪ್ರಾಂತ್ಯಗಳ ಶಾಸನಸಭೆಯೇ. ನಮ್ಮ 253ನೇ ವಿಧಿಗೆ ಪೂರ್ತಿ ಉಲ್ಟಾ. ಹಾಗಾಗಿ ಯೂರೋಪಿನ ಜೊತೆ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಾಗ ಪ್ರಾಂತ್ಯಗಳ ಪ್ರತಿನಿಧಿಗಳನ್ನೂ ಜೊತೆಗೆ ಕೂರಿಸಿಕೊಂಡರು. ಅದೇ ಒಪ್ಪಂದವನ್ನು ಆ ಕಡೆಯಿಂದ 2016ರ ಅಕ್ಟೋಬರ್‌ನಲ್ಲಿ ತಡೆದು ನಿಲ್ಲಿಸಿದ್ದು ಬೆಲ್ಜಿಯಂನ ವಲೋನಿಯ ಎಂಬ ಪ್ರದೇಶ. ಅದರ ಜನಸಂಖ್ಯೆ ಸುಮಾರು 36 ಲಕ್ಷ. ನಮ್ಮ ಮೂರು ಜಿಲ್ಲೆ ಸೇರಿಸಿದರೆ ಅದಕ್ಕಿಂತ ಜಾಸ್ತಿ ಜನ ಇದ್ದೇವೆ. ವಲೋನಿಯದ ಸಂಸತ್ತು ಒಪ್ಪದಿದ್ದರೆ ಬೆಲ್ಜಿಯಂ ಸಹಿ ಹಾಕುವಂತಿರಲಿಲ್ಲ. ರೈತರಿಗೆ ರಕ್ಷಣೆ ಬೇಕು, ಕಂಪನಿಗಳು ಸರ್ಕಾರದ ಮೇಲೆ ದಾವೆ ಹೂಡುವ ವ್ಯವಸ್ಥೆ ಬದಲಾಗಬೇಕು ಎಂದು ಪಟ್ಟು ಹಿಡಿದರು. ಒಂದಿಷ್ಟು ಭರವಸೆಗಳನ್ನು ಬರೆಸಿಕೊಂಡ ಮೇಲೆ ಬಿಟ್ಟರು.

ನಮಗೆ ಅಷ್ಟು ದೊಡ್ಡ ತಡೆಯುವ ಅಧಿಕಾರ ಬೇಕು ಎಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತೆಂಟು ರಾಜ್ಯಗಳಲ್ಲಿ ಒಂದು ಮುನಿಸಿಕೊಂಡರೂ ದೇಶ ನಿಂತುಬಿಡುತ್ತದೆ. ಆದರೆ ಕೇಳುವುದು ಬೇರೆ, ತಡೆಯುವುದು ಬೇರೆ. ರಾಜ್ಯಗಳ ಹಿತಕ್ಕೆ ತಟ್ಟುವ ಒಪ್ಪಂದಗಳ ಬಗ್ಗೆ ಮೊದಲೇ ಅವುಗಳ ಜೊತೆ ಚರ್ಚಿಸಬೇಕು ಎಂದು ಕೇಂದ್ರ–ರಾಜ್ಯ ಸಂಬಂಧಗಳ ಬಗ್ಗೆ 2010ರಲ್ಲಿ ವರದಿ ಕೊಟ್ಟ ಪೂಂಛಿ ಆಯೋಗ ಹೇಳಿದೆ. ಕೇಂದ್ರದ ವಾಣಿಜ್ಯ ಸಚಿವಾಲಯದಲ್ಲಿ ವ್ಯಾಪಾರ ಮಂಡಳಿ ಅಂತ ಒಂದಿದೆ, ರಾಜ್ಯಗಳ ಸಚಿವರೂ ಅದರ ಸಭೆಗೆ ಹೋಗುತ್ತಾರೆ. ಅದು ಸಲಹೆ ಕೊಡಬಹುದು ಅಷ್ಟೇ. 263ನೇ ವಿಧಿಯ ಅಂತರರಾಜ್ಯ ಪರಿಷತ್ತು ಇದಕ್ಕೆ ಸರಿಯಾದ ಜಾಗ. ಪ್ರಧಾನಿ, ಎಲ್ಲ ಮುಖ್ಯಮಂತ್ರಿಗಳು ಕೂರುವ ಆ ಪರಿಷತ್ತು 2016ರ ಜುಲೈನಲ್ಲಿ ಸಭೆ ಸೇರಿತ್ತು. ಆಮೇಲೆ ಹಾಗೇ ಬಿದ್ದಿದೆ.

ಜಿಎಸ್‌ಟಿ ಮಂಡಳಿಯನ್ನು ಇಲ್ಲಿ ನೆನೆಯಬೇಕು. 2017ರ ಜುಲೈ 1ರಿಂದ ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ಬಹುಪಾಲನ್ನು ಬಿಟ್ಟುಕೊಟ್ಟವು. ಬದಲಿಗೆ ಮಂಡಳಿಯಲ್ಲಿ ಮತ ಸಿಕ್ಕಿತು. ಕೇಂದ್ರಕ್ಕೆ ಮೂರನೇ ಒಂದು ಪಾಲು, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು ಪಾಲು. ಯಾವುದೇ ತೀರ್ಮಾನಕ್ಕೆ ನಾಲ್ಕನೇ ಮೂರು ಪಾಲು ಮತ ಬೇಕು. ಹಾಗಾಗಿ ಕೇಂದ್ರ ಒಪ್ಪದೆ ಏನೂ ಆಗುವುದಿಲ್ಲ. ಈ ದೋಷ ಇದ್ದೇ ಇದೆ. ಆದರೂ ಅಲ್ಲಿ ರಾಜ್ಯದ ಮಂತ್ರಿಗೆ ಒಂದು ಕುರ್ಚಿ, ಒಂದು ಮತ, ನಡಾವಳಿಯಲ್ಲಿ ಒಂದು ದಾಖಲೆ ಇದೆ. ಜೊತೆಗೆ ರಾಜ್ಯಗಳಿಗೆ ಆಗುವ ನಷ್ಟವನ್ನು 5 ವರ್ಷ ತುಂಬಿಕೊಡುತ್ತೇವೆ ಎಂದು ಕಾನೂನಿನಲ್ಲೇ ಬರೆದರು. ತೆರಿಗೆಗೆ ಇದು ಸಾಧ್ಯ ಆಯಿತು ಅಂದಮೇಲೆ ಅಕ್ಕಿ, ಹತ್ತಿ, ಅದಿರಿನ ಆಮದು ರಫ್ತಿಗೆ ಯಾಕೆ ಸಾಧ್ಯವಿಲ್ಲ? ಕೇಳಿ ಮಾಡಬೇಕು, ನಷ್ಟ ಆದರೆ ಪಾಲು ಹಂಚಿಕೊಳ್ಳಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಇನ್ನೊಂದು ಮಗ್ಗುಲೂ ಇದೆ. ಜಾಗತೀಕರಣದಿಂದ ರಾಜ್ಯಗಳು ಬರೀ ಕಳೆದುಕೊಳ್ಳಲಿಲ್ಲ. ಬಂಡವಾಳ ಕರೆಯಲು ಮುಖ್ಯಮಂತ್ರಿಗಳೇ ದಾವೋಸ್‌ಗೆ ಹೋಗುತ್ತಾರೆ. ಭೂಮಿ, ನೀರು, ಕರೆಂಟು ರಾಜ್ಯದ ಕೈಯಲ್ಲಿದೆ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂತು. ಕೇಂದ್ರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತ್ತು, ರಾಜ್ಯ ರಿಯಾಯಿತಿಗಳನ್ನು ಕೊಟ್ಟಿತು. ಇಬ್ಬರೂ ಒಂದೇ ದಿಕ್ಕಿಗೆ ಎಳೆದಾಗ ಹೀಗೂ ಆಗುತ್ತದೆ. ಆದರೆ ಬಳ್ಳಾರಿ ತಾಲ್ಲೂಕಿನ ಕುಡತಿನಿಯನ್ನೂ ನೋಡಿ. 2010ರ ಹೊತ್ತಿಗೆ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆಂದು ರೈತರ ಭೂಮಿ ಹೋಯಿತು. ಕಾರ್ಖಾನೆ ಬರಲಿಲ್ಲ. ನ್ಯಾಯವಾದ ಬೆಲೆ, ಕೆಲಸ ಕೊಡಿ, ಇಲ್ಲವೇ ಭೂಮಿ ವಾಪಸ್ ಕೊಡಿ ಎಂದು ರೈತರು 2022ರಿಂದ ಧರಣಿ ಕೂತರು. ಅದು ದಿಲ್ಲಿಯ ತೀರ್ಮಾನ ಆಗಿರಲಿಲ್ಲ, ಬೆಂಗಳೂರಿನದು. ಜಿಲ್ಲೆಗೆ ಬೆಂಗಳೂರೂ ಒಂದು ದಿಲ್ಲಿಯೇ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದದ್ದು ಇದೇ ಕಾರಣಕ್ಕೆ. ನೇಮಕಾತಿಯಲ್ಲಿ, ಕಾಲೇಜು ಸೀಟಿನಲ್ಲಿ, ಅಭಿವೃದ್ಧಿಯ ಹಣದಲ್ಲಿ ನಮ್ಮ ಭಾಗಕ್ಕೆ ಬೇರೆ ಲೆಕ್ಕ ಬೇಕು ಎಂದು ಸಂವಿಧಾನವೇ ಒಪ್ಪಿಕೊಂಡಿತು. ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡಬಾರದು ಎಂಬುದು ನಮ್ಮ ಒಕ್ಕೂಟಕ್ಕೆ ಗೊತ್ತಿರುವ ಪಾಠವೇ.

ಈಗ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ಶಾಸಕರನ್ನು ಸುಮ್ನೆ ಬಿಡಬೇಡಿ. ರಫ್ತು ಅವರ ಕೈಯಲ್ಲಿಲ್ಲ, ನಿಜ. ಆದರೆ ವಿಧಾನಸಭೆಯಲ್ಲಿ ನಿರ್ಣಯ ಮಾಡಿಸಬಹುದು. ನಿಷೇಧದ ಅವಧಿಯಲ್ಲಿ ಭತ್ತದ ಬೆಳೆಗಾರರಿಗೆ ಎಷ್ಟು ನಷ್ಟ ಆಯಿತು ಅಂತ ರಾಜ್ಯದ ಕೃಷಿ ಬೆಲೆ ಆಯೋಗದಿಂದ ಲೆಕ್ಕ ತೆಗೆಸಬಹುದು. ಆ ಲೆಕ್ಕ ಇಲ್ಲದಿದ್ದರೆ ದಿಲ್ಲಿಯಲ್ಲಿ ಯಾರೂ ಕಿವಿ ಕೊಡುವುದಿಲ್ಲ.

ಸಂಸದರ ಹತ್ತಿರ ಹೋಗುವುದು ಇನ್ನೂ ಮುಖ್ಯ. ಸಿಂಧನೂರು ಜಿಲ್ಲೆಯ ಲೆಕ್ಕಕ್ಕೆ ರಾಯಚೂರು, ಲೋಕಸಭೆಗೆ ಮಾತ್ರ ಕೊಪ್ಪಳ. ಗಂಗಾವತಿ, ಕನಕಗಿರಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೂಡ ಅದೇ ಕ್ಷೇತ್ರಕ್ಕೆ ಸೇರಿವೆ. ಅಂದರೆ ಮೂರು ಜಿಲ್ಲೆಯ ಭತ್ತ ಬೆಳೆಯುವ ಪ್ರದೇಶದ ಬಹುಪಾಲು ಒಬ್ಬರೇ ಸಂಸದರ ಕೈಯಲ್ಲಿದೆ. ಅವರು ಯಾವ ಪಕ್ಷದವರಾದರೂ ಆಗಲಿ, ವಾಣಿಜ್ಯ ಸಚಿವರಿಗೆ ಲಿಖಿತ ಪ್ರಶ್ನೆ ಹಾಕುವ ಹಕ್ಕು ಅವರಿಗಿದೆ. ಆ ಉತ್ತರ ಸದನದ ದಾಖಲೆಗೆ ಹೋಗುತ್ತದೆ. ಮೂರು ಪ್ರಶ್ನೆ ಬರೆದುಕೊಟ್ಟು ಬನ್ನಿ. 2023ರ ಜುಲೈನ ಆದೇಶಕ್ಕೆ ಮೊದಲು ಯಾವ ಯಾವ ರಾಜ್ಯಗಳ ಅಭಿಪ್ರಾಯ ಕೇಳಿದ್ದಿರಿ? ನಿಷೇಧದಿಂದ ಬೆಳೆಗಾರರಿಗೆ ಆಗುವ ನಷ್ಟದ ಅಂದಾಜು ಮಾಡಿದ್ದಿರಾ, ಮಾಡಿದ್ದರೆ ಎಷ್ಟು? ಮುಂದೆ ಇಂಥ ಆದೇಶ ಹೊರಡಿಸುವಾಗ ನಾಟಿಗೆ ಮೊದಲೇ ತಿಳಿಸುವ ನಿಯಮ ಮಾಡುತ್ತೀರಾ? ಇವೇ ಪ್ರಶ್ನೆಗಳ ಇನ್ನೊಂದು ಪ್ರತಿಯನ್ನು ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ 12 ಜನರಲ್ಲಿ ನಿಮಗೆ ಸಿಗುವ ಒಬ್ಬರಿಗಾದರೂ ತಲುಪಿಸಿ. ರಾಜ್ಯಗಳ ಪರ ಮಾತಾಡಲೆಂದೇ ಆ ಸದನ ಇರುವುದು. ಕೇಳುವವರು ಭತ್ತ ಬೆಳೆಯುವ ಮನೆಯವರೇ ಆದರೆ ಇನ್ನೂ ಒಳ್ಳೆಯದು.